ಪೊರೆ ಹರಿಯಬಾರದು

"ಸುತ್ತಿಗಿ ಕೆಳಗಿಡ್ರಿ! ಇದು ನಮ್ಮ ಕಾಕಾನ ಬಾಯಿ, ಕಮ್ಮಾರನ ಅಂಗಡಿ ಅಲ್ಲ!"

೧೯೮೮ರ ಆ ಬೆಳಿಗ್ಗೆ ಹಲ್ಲಿನ ಡಾಕ್ಟರ್ ಗೌರಕ್ಕ ಕೂಗಿದ ಕೂಗಿಗೆ ಅಣ್ಣಿಗೇರಿಯ ಹತ್ತಿ ಗಿರಣಿಯೇ ಗಳಿಗೆ ಹೊತ್ತು ನಿಂತಿತಂತೆ. ಸುಳ್ಳೆನಿಸಿದರೆ ಗಿರಣಿಯನ್ನೇ ಕೇಳಿ!

ಎದುರಿಗಿದ್ದವನು ಮುಂಬಯಿಯಲ್ಲಿ ಕಲಿತು ಬಂದ ಶಲವಡಿಯ ದಂತವೈದ್ಯ ಶಂಭುಲಿಂಗ, ಕಾಕಾನ ಹಲ್ಲಿಗೆಂದೇ ಕರೆಸಿದವನು. ಅಂಥ ಕೋಪದಲ್ಲೂ ಅವಳಿಗೆ ಕಂಡದ್ದು ಅವನ ಕಣ್ಣು... ಛೇ!

ಮಡಿವಾಳೆಪ್ಪ ಕಾಕಾನ ಮೇಲ್ದವಡೆಯ ಹಲ್ಲು ಬಿದ್ದು ಎಲುಬು ಸವೆದಿತ್ತು. ಅದರ ಮೇಲೆ ಕೆನ್ನೆಯ ಎಲುಬಿನೊಳಗಿನ ಗಾಳಿಗೂಡು, ಅದಕ್ಕೊಂದು ತೆಳು ಪೊರೆ. ಪೊರೆ ಹರಿಯದಂತೆ ಮೇಲೆತ್ತಿ ಅದರ ಕೆಳಗೆ ಎಲುಬಿನ ಚೂರು ತುಂಬಿದರೆ ಮಾತ್ರ ಹೊಸ ಹಲ್ಲಿನ ತಿರುಪು ನಿಲ್ಲುವುದು. ಎತ್ತುವುದು ಹೇಗೆ? ಹಲ್ಲಿದ್ದ ಜಾಗದಿಂದಲೇ ಮೆಲ್ಲಗೆ ಬಡಿದು ಎಂದ ಅವನು. ಬಾಜುವಿನ ಎಲುಬಿಗೆ ಕಿಟಕಿ ಕೊರೆದು ಎಂದಳು ಅವಳು.

"ನಂದು ಸಣ್ಣ ಗಾಯರಿ."

"ನಿಮ್ದು ಕುರುಡು ಕೆಲಸರಿ!"

ಪರೀಕ್ಷೆಗೆ ಅವನು ತತ್ತಿ ತಂದ. ಚಿಪ್ಪು ಎಲುಬಿನಂತೆ, ಒಳಗಿನದು ಪೊರೆಯಂತೆ. ಲಿಂಗ ಕಟ್ಟಿದ ಮನೆತನದ ಇಬ್ಬರೂ ತತ್ತಿ ಮುಟ್ಟಿದ್ದು ಅದೇ ಮೊದಲು! ಅವಳು ಕಿಟಕಿ ಕೊರೆದಳು, ಪೊರೆ ಉಳಿಯಿತು. ಅವನು ಬಡಿದ, ಹಳದಿ ಸುರಿಯಿತು. ಆದರೂ ಸೋಲೊಪ್ಪಲಿಲ್ಲ. ದಿನಾ ಬಂದ, ದಿನಾ ಒಡೆದ. ತತ್ತಿ ಮಾರುವ ಯಾಕೂಬಸಾಬನ ಕೋಳಿಗಳು ದಣಿದು ರಜೆ ಕೇಳಿದವು!

ಶಲವಡಿ ಬಸ್ಸು ತಡವಾದರೆ ಗೌರಕ್ಕನಿಗೆ ನಿಂತಲ್ಲಿ ನಿಲ್ಲಲಾಗದು.

ಕೊನೆಗೊಂದು ದಿನ ಅವನ ತಾಯಿ ಸುಶೀಲವ್ವ ಹೆಣ್ಣು ನೋಡಲು ಮಗನೊಡನೆ ಬಂದಳು. ಪಡಸಾಲೆಯೇ ದವಾಖಾನೆ. ಮೇಜಿನ ಮೇಲೆ ಒಡೆದ ತತ್ತಿ!

"ಯವ್ವಾ! ಕೊರಳಾಗ ಲಿಂಗ, ಕೈಯಾಗ ತತ್ತಿ? ನಡಿಯೋ ಶಂಭು!"

ತಾಯಿ ಬೀದಿಗಿಳಿದಳು. ಅವನೂ ಹಿಂದೆಯೇ ಓಡಿದ.

'ತಂದವನು ನಾನೇ ಅನ್ನಲಿಲ್ಲವಲ್ಲ... ಹೇಡಿ!'

ಗೌರಕ್ಕ ಕೂತಳು, ಎದ್ದಳು, ಮತ್ತೆ ಕೂತಳು. ಪ್ರತಿ ಹಾರ್ನಿಗೂ ಕಿಟಕಿಗೆ ಓಡಿದಳು. 'ಅವನು ಬಂದರೂ ಮಾತಾಡುವುದಿಲ್ಲ... ಬರದಿದ್ದರೆ?' ಅವಳು ಆ ಪಡಸಾಲೆಯಲ್ಲಿ ಸವೆಸಿದ ಹೆಜ್ಜೆಗಳಲ್ಲಿ ನವಲಗುಂದಕ್ಕೇ ನಡೆದು ಹೋಗಬಹುದಿತ್ತು!

ಸಂಜೆ ಬಾಗಿಲಲ್ಲಿ ಸುಶೀಲವ್ವ ನಿಂತಿದ್ದಳು. ಹಿಂದೆ ಬೆವೆತ ಶಂಭು.

"ಏನವಾ, ತತ್ತಿ ತಂದಾಂವ ನನ್ನ ಮಗನ ಅಂತಲ್ಲ! ತುಂಬಿದ ಬಸ್ಸಿನ್ಯಾಗ ಎದ್ದು ನಿಂತು, ಹಲ್ಲಿನ ಕೆಲಸದ ಪರೀಕ್ಷಾಕ್ಕ ತಂದಿದ್ದೆ ಅಂತ ಒದರಿದ. ಕಂಡಕ್ಟರ್ ಟಿಕೀಟು ಹರಿಯೂದು ಬಿಟ್ಟು ಬಾಯಿ ತಗದು ಹಲ್ಲು ತೋರ್ಸಿದ! ನನ್ನ ಮಾನ ಹೋತು... ನೀ ತಿನ್ನೂದಿಲ್ಲ ಹೌದಿಲ್ಲೊ?"

"ಇಲ್ರಿ ಅತ್ತಿ!"

'ಅತ್ತಿ' ಎಂದುಬಿಟ್ಟಿದ್ದಳು! ಸುಶೀಲವ್ವ ನಗು ನುಂಗುತ್ತ ಒಳಮನೆಗೆ ನಡೆದಳು.

"ಕಾಕಾನ ಎಲುಬು ಅಗದಿ ತೆಳ್ಳಗೈತಿ. ದಪ್ಪಿದ್ರ ನನ್ನ ರೀತಿ ನಡೀತಿತ್ತು. ಇಲ್ಲಿ ಬಾಜೂನ ಕಿಟಕೀನ ಬೇಕು," ಎಂದ ಶಂಭು ಮೆಲ್ಲಗೆ.

"ಇದು ಯಾವಾಗ ತಿಳೀತ್ರಿ?"

"ಮೊದಲನೇ ದಿನಾನ."

"ಮತ್ತ ಇಷ್ಟು ದಿನ ವಾದ ಯಾಕ ಮಾಡಿದ್ರಿ?"

"ಸೋತಿದ್ರ... ಮತ್ತ ಬರಾಕ ಏನು ನೆಪ ಇತ್ರಿ ನನಗ?"

ಅವಳ ಕಣ್ಣು ತುಂಬಿತು.

"ಇನ್ನ ಮ್ಯಾಲೆ ಬರೂದು ಬ್ಯಾಡ್ರಿ."

ಅವನ ಮುಖ ಬಿಳಿಚಿತು. "ಗೌರಾ..."

"ಬಂದು ಹೋಗೂದು ಸಾಕು... ಇಲ್ಲೇ ಇರ್ರಿ."