ದೊಡ್ಡಮ್ಮ ಹೋದ ದಾರಿ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದೂರನ್ನು ರೈಟರ್ ಗಟ್ಟಿಯಾಗಿ ಓದಿದಾಗ ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಕಳುವಾದ ವಸ್ತು: ರೋಡ್ ರೋಲರ್, ಒಂದು. ತೂಕ ಹತ್ತು ಟನ್. ವೇಗ, ಮನುಷ್ಯ ನಡೆಯುವಷ್ಟು.

"ಕದ್ದು ಪರಾರಿಯಾದ ಅಂತ ಹೆಂಗೆ ಬರೆಯೋದು ಸರ್?" ಎಂದ ಕಾನ್‌ಸ್ಟೆಬಲ್. ಬಾಯಿಗೆ ಬೀಗವಿಲ್ಲದ ಅವನಿಗೆ ಠಾಣೆಯಲ್ಲಿ ರೇಡಿಯೊ ಎಂದೇ ಹೆಸರು.

ದೂರು ತಂದವರು ದೊಡ್ಡ ನಿರ್ಮಾಣ ಕಂಪನಿಯೊಂದರ ಯಾರ್ಡ್ ಮ್ಯಾನೇಜರ್. ಜೊತೆಗೆ ಬಂದಿದ್ದವಳು ಅದೇ ಕಂಪನಿಯ ಹವಾಮಾನ ಗುರಿಗಳ ಅಧಿಕಾರಿ, ಮೂವತ್ತರ ಆಸುಪಾಸಿನ ಹೆಂಗಸು.

"ಹಳೇ ರೋಲರಿಗೆ ಇಷ್ಟು ಗಾಬರಿ ಯಾಕೆ?"

"ಹಳೇದು ಅಂತಾನೇ ಗಾಬರಿ ಸರ್," ಎಂದರು ಮ್ಯಾನೇಜರ್. "ಇಂಗಾಲದ ಹೊಗೆ ಅರ್ಧಕ್ಕೆ ಇಳಿಸ್ತೀವಿ ಅಂತ ಊರೆಲ್ಲ ಸಾರಿದ್ದೀವಿ. ತಿಂಗಳ ಕೊನೆಗೆ ಹಳೇ ಡೀಸೆಲ್ ಯಂತ್ರ ಎಲ್ಲ ಪುಡಿಯಾಗಿರಬೇಕು. ಇದೊಂದು ಎಲ್ಲೋ ಹೊಗೆ ಬಿಡ್ತಾ ಓಡಾಡಿದ್ರೆ ನಮ್ಮ ಮಾನ ಏನಾಗ್ಬೇಕು? ಇವರನ್ನೇ ಕೇಳಿ, ಯೋಜನೆ ಬರೆದೋರು ಇವರೇ."

"ಪುಡಿ ಮಾಡಿದ ಪ್ರಮಾಣಪತ್ರ ಬೇಕು," ಎಂದಳು ಅವಳು, ಕಿಟಕಿಯ ಕಡೆ ನೋಡುತ್ತ. "ಎಂಜಿನ್ ಕಳಚಿ ಒಡಲು ಉಳಿಸಿಕೊಂಡ್ರೆ ಗುರಿ ಮುಟ್ಟಿದ ಹಾಗಲ್ಲ."

"ಗುರುತು?"

"ಹಳದಿ ಬಣ್ಣ. ಸೀಟಿನ ಪಕ್ಕ ಮರದ ಪೆಟ್ಟಿಗೆ ಇದೆ. ಯಾರ್ಡಿನಲ್ಲಿ ದೊಡ್ಡಮ್ಮ ಅಂತಾರೆ," ಎಂದಳು ಅವಳೇ.

"ಸರ್, ಹಂಗಾದ್ರೆ ಕಾಣೆಯಾದವರ ಪಟ್ಟಿಗೆ ಸೇರಿಸೋಣ್ವಾ?" ಎಂದ ರೇಡಿಯೊ. ಇನ್‌ಸ್ಪೆಕ್ಟರ್ ಕಣ್ಣು ಬಿಟ್ಟರು. ಎಫ್‌ಐಆರ್ ದಾಖಲಾಯಿತು.

ಜೀಪಿನಲ್ಲಿ ಕೂತಾಗ ಇನ್‌ಸ್ಪೆಕ್ಟರ್ ಮೂಗಿಗೆ ಎಲ್ಲಿಂದಲೋ ಡಾಂಬರಿನ ವಾಸನೆ ಬಡಿಯಿತು. ಚಿಕ್ಕಂದಿನಲ್ಲಿ, ಅವರ ಬೀದಿಗೆ ಮೊದಲ ಸಲ ರಸ್ತೆ ಬಂದ ಬೇಸಿಗೆಯಲ್ಲಿ ಇಂಥದೇ ಒಂದು ರೋಲರ್ ಬಂದಿತ್ತು. ಅದರ ಚಕ್ರದ ಕೆಳಗೆ ಸೋಡಾ ಬಾಟಲಿಯ ಮುಚ್ಚಳ ಇಟ್ಟು, ಚಪ್ಪಟೆಯಾಗಿ ಬಿಸಿಬಿಸಿ ಹೊರಬಂದದ್ದನ್ನು ಜೇಬಿಗಿಳಿಸಿ ಓಡುತ್ತಿದ್ದರು. ರಸ್ತೆ ಮುಗಿದು ಅದು ಹೊರಟುಹೋದ ಸಂಜೆ, ಹೊಸ ರಸ್ತೆಯಿದ್ದೂ ಬೀದಿ ಬಿಕೋ ಎನ್ನುತ್ತಿತ್ತು.

ಯಾರ್ಡಿನ ಪಂಚನಾಮೆ ಬೇಗ ಮುಗಿಯಿತು. ಭಾನುವಾರ ರಜೆ. ಬೀಗ ಒಡೆದಿರಲಿಲ್ಲ, ಕೀಲಿಯಿಂದಲೇ ತೆಗೆದಿದ್ದರು. ಮುಖ್ಯರಸ್ತೆಯಲ್ಲಿ ಸುಳಿವಿಲ್ಲ. ಎಡಕ್ಕೆ ಹೊರಳುವ ಓಣಿಗೆ ಜೀಪು ಇಳಿದ ಕೂಡಲೇ ರೇಡಿಯೊ ಸೀಟಿನ ಮೇಲೆ ನೆಟ್ಟಗಾದ.

"ನಿಲ್ಸಿ ಸರ್! ಈ ಓಣೀಲಿ ನನ್ನ ಬೈಕು ಕುಣೀದೇ ಬಂದ ದಿನಾನೇ ಇಲ್ಲ. ಇವತ್ತೇನು, ಅಂಗೈ ಹಾಗಿದೆ!"

ಯಾವ ಕಾಲದಲ್ಲೋ ಜಲ್ಲಿ ಸುರಿದು ಗುತ್ತಿಗೆದಾರ ಮರೆತೇ ಹೋಗಿದ್ದ ಓಣಿ ಈಗ ಉದ್ದಕ್ಕೂ ಸಮತಟ್ಟಾಗಿತ್ತು. ಚಕ್ರ ಉರುಳಿದ ಒಂದು ಪಟ್ಟಿಯ ಅರ್ಧವನ್ನು ಮುಂದಿನ ಪಟ್ಟಿ ತುಳಿದಿತ್ತು. ಕಳ್ಳ ಬರೀ ದಾಟಿ ಹೋಗಿರಲಿಲ್ಲ. ಹಿಂದೆ ಮುಂದೆ ಉರುಳಿಸಿ ಕೆಲಸ ಮಾಡಿ ಹೋಗಿದ್ದ.

"ನಿನ್ನೆ ಮಧ್ಯಾಹ್ನ," ಎಂದ ಮೂಲೆಯ ದರ್ಜಿ. "ಕೊನೆಗೂ ನಮ್ಮ ನೆನಪಾಯ್ತಲ್ಲ ಅಂತ ಚಹಾ ಕೊಡೋಕೆ ಹೋದೆ. ಕುಡೀಲಿಲ್ಲ."

"ಮುಖ ನೋಡಿದ್ರಾ?"

"ಹೆಲ್ಮೆಟ್ಟು, ಮೂಗಿಗೆ ಬಟ್ಟೆ. ನಾನು ನೋಡಿದ್ದು ಚಕ್ರಾನ ಸಾರ್. ಚಿಕ್ಕೋರಿದ್ದಾಗ ಅದರ ಹಿಂದೆ ಹಿಂದೆ ಓಡ್ತಿದ್ವಲ್ಲ. ಏನ್ ಮಾಡಿದ್ದಾನೆ ಪಾಪ ಅವ್ನು?"

ಪಂಚನಾಮೆಗೆ ಸಾಕ್ಷಿಯಾಗಿ ಕರೆತಂದಿದ್ದ ರಸ್ತೆ ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ನೆಲ ನೋಡಿದ. "ನಡುವಿನಿಂದ ಶುರು ಮಾಡಿದ್ದಾರೆ. ಅದಕ್ಕೇ ಜಲ್ಲಿ ಆಚೆ ಈಚೆ ಚೆಲ್ಲಿದೆ." ಇನ್‌ಸ್ಪೆಕ್ಟರ್ ಅದನ್ನೂ ಬರೆಸಿದರು.

ಓಣಿ ಮುಗಿದದ್ದು ಮುಚ್ಚಿದ ಮರದ ಡಿಪೊವೊಂದರ ಬಾಗಿಲಲ್ಲಿ. ಒಳಗೆ ತಾಡಪಾಲು ಹೊದ್ದು ದೊಡ್ಡಮ್ಮ ನಿಂತಿದ್ದಳು. ಡೀಸೆಲ್ ಟ್ಯಾಂಕು ಬರಿದಾಗಿತ್ತು. ಬಾಗಿಲ ಬಳಿ ಸ್ಟೂಲಿನ ಮೇಲಿದ್ದ ಮುದುಕ ಕಾವಲುಗಾರ ಪೊಲೀಸರನ್ನು ಕಂಡು ಎದ್ದು ನಿಂತ.

"ನಾನೇ ತಂದಿದ್ದು ಸಾಹೇಬ್ರೆ. ಆಯುಷ್ಯವೆಲ್ಲ ಇದನ್ನ ಓಡಿಸ್ದೋನು ನಾನು."

"ಓಣಿ ಸರಿ ಮಾಡಿದ್ದೂ?"

"ನಾನೇ."

"ಎಲ್ಲಿಂದ ಶುರು ಮಾಡಿದ್ರಿ?"

"ಅಂಚಿಂದ. ಇನ್ನೆಲ್ಲಿಂದ?" ಮುದುಕನ ದನಿಯಲ್ಲಿ ಸಿಟ್ಟಿತ್ತು. "ನಡುವಿನಿಂದ ಉರುಳಿಸೋಕೆ ನನಗೇನು ತಲೆ ಕೆಟ್ಟಿದ್ಯಾ?"

ಮೇಸ್ತ್ರಿ ಕೆಮ್ಮಿದ. ಇನ್‌ಸ್ಪೆಕ್ಟರ್ ತಾಡಪಾಲಿನ ತುದಿ ಎತ್ತಿ ಸೀಟಿನ ಪಕ್ಕ ಕೈಯಿಟ್ಟರು.

"ಈ ಪೆಟ್ಟಿಗೆ ಯಾತಕ್ಕೆ ಯಜಮಾನ್ರೇ?"

"ಮಗಳು ಕೂರೋಕೆ. ಅವಳ ತಾಯಿ ಹೋದ್ಮೇಲೆ ಮನೇಲಿ ಯಾರೂ..." ಮುದುಕ ನಾಲಿಗೆ ಕಚ್ಚಿಕೊಂಡ.

"ಮಗಳು ಈಗ ಎಲ್ಲಿ ಕೆಲಸಕ್ಕಿದ್ದಾಳೆ?"

ಮುದುಕ ತಾಡಪಾಲನ್ನು ಮತ್ತೆ ಪೆಟ್ಟಿಗೆಯ ಮೇಲೆ ಎಳೆದ. ಬೆಳಿಗ್ಗೆ ಆ ಪೆಟ್ಟಿಗೆಯ ಗುರುತು ಕೊಟ್ಟವಳು ನೆನಪಾಗಿ ಇನ್‌ಸ್ಪೆಕ್ಟರ್ ಕಂಪನಿಗೆ ಫೋನು ಮಾಡಿ, ಯಂತ್ರ ಗುರುತಿಸಲು ಹವಾಮಾನ ಅಧಿಕಾರಿಯನ್ನೇ ಕಳಿಸಿ ಎಂದರು. ಮೂರೂವರೆಗೆ ಬಂದವಳು ಜೀಪಿನ ಹಿಂಬದಿಯಲ್ಲಿ ಕೂತಿದ್ದ ಮುದುಕನನ್ನು ಕಂಡು ಅಲ್ಲೇ ನಿಂತಳು.

"ಅವರನ್ನ ಇಳಿಸಿ ಸರ್. ಕೀಲಿ ನನ್ನ ಹತ್ರ ಇತ್ತು."

"ಸುಮ್ನಿರೇ ಮಗಳೇ, ಆಗ್ಲೇ ಒಪ್ಕೊಂಡಾಗಿದೆ."

"ಅಪ್ಪಾ, ನಿಂಗೆ ಸುಳ್ಳು ಹೇಳೋಕೆ ಯಾವತ್ತು ಬಂದಿದೆ?"

ಅವಳ ದಸ್ತಗಿರಿ ಸಂಜೆ ನಾಲ್ಕಕ್ಕೆ. ಠಾಣೆಯಲ್ಲಿ ಅವಳು ಅಳಲಿಲ್ಲ.

"ಹೊಗೆ ನಿಲ್ಲಬೇಕು ಅನ್ನೋದು ನನ್ನದೇ ಮಾತು. ಇವತ್ತಿಗೂ ಅದೇ. ಅದಕ್ಕೇ ಡೀಸೆಲ್ ಖಾಲಿ ಮಾಡ್ದೆ. ಒಡಲಾದ್ರೂ ಗೇಟಿನ ಹತ್ರ ನಿಲ್ಸಿ ಅಂತ ಕೇಳಿದೆ, ಒಪ್ಪಲಿಲ್ಲ. ಪುಡಿ ಮಾಡೋ ಪಟ್ಟಿಗೆ ಕೊನೇದಾಗಿ ಅದನ್ನ ಸೇರಿಸಿದ್ದೂ ನಾನೇ."

"ಮತ್ತೆ?"

"ರಸ್ತೆ ಮುಗಿದಂಗೆ ನಾವು ಊರು ಬಿಡ್ತಿದ್ವಿ. ಬಾಡಿಗೆ ಕೋಣೆಗಳು ಒಂದೂ ನೆನಪಿಲ್ಲ ನನಗೆ. ಆ ಪೆಟ್ಟಿಗೆ ಒಂದೇ ಎಲ್ಲಾ ಕಡೆಗೂ ಬಂದಿದ್ದು. ಯಾರಾದ್ರೂ ಹಳೇ ಮನೆ ಅಂದ್ರೆ ನನಗೆ ಅದೇ ಕಣ್ಣಿಗೆ ಬರೋದು."

"ಓಣಿ ಯಾಕೆ ಮಾಡೋಕೆ ಹೋದ್ರಿ? ಸುಮ್ಮನೆ ದಾಟಿದ್ರೆ ಸಿಗ್ತಾನೇ ಇರ್ಲಿಲ್ಲ."

"ಜಲ್ಲಿ ಕಂಡ್ಮೇಲೆ ಕೈ ಕೇಳಲಿಲ್ಲ."

"ನಡುವಿನಿಂದ ಯಾಕೆ?"

ಅವಳಿಗೆ ಪ್ರಶ್ನೆಯೇ ಹೊಸದು.

"ಅಪ್ಪ ಕೆಲಸ ಶುರು ಮಾಡೋ ಹೊತ್ತಿಗೆ ನಾನು ಪೆಟ್ಟಿಗೆ ಮೇಲೆ ನಿದ್ದೆಯಲ್ಲಿರ್ತಿದ್ದೆ. ಕಣ್ಣು ಬಿಟ್ಟಾಗ ಯಾವಾಗ್ಲೂ ರಸ್ತೆಯ ನಡುವೆ ಇರ್ತಿದ್ವಿ."

ರೈಟರ್ ಪೆನ್ನು ನಿಂತಿತು. ಇನ್‌ಸ್ಪೆಕ್ಟರ್ ಬರಿ ಎಂದು ಸನ್ನೆ ಮಾಡಿದರು.

ಮರುದಿನ ಠಾಣೆಯ ಅಂಗಳಕ್ಕೆ ಎಳೆತಂದು ನಿಲ್ಲಿಸಿದ ದೊಡ್ಡಮ್ಮನ ಮುಂದೆ ಮ್ಯಾನೇಜರ್ ಪ್ರತ್ಯಕ್ಷರಾದರು.

"ಸಿಕ್ಕಿತಲ್ಲ ಸರ್. ಕೊಟ್ಬಿಡಿ, ಇವತ್ತೇ ಪುಡಿ ಮಾಡಿಸ್ತೀವಿ."

"ಜಪ್ತಿ ಮಾಲು. ಕೇಸು ಮುಗಿಯೋವರೆಗೆ ಒಂದು ಮೊಳೆಯೂ ಕದಲೋ ಹಾಗಿಲ್ಲ. ಅವಸರ ಇದ್ರೆ ಕೋರ್ಟಿಗೆ ಹೋಗಿ."

"ಕೇಸು ಯಾವಾಗ ಮುಗಿಯುತ್ತೆ?"

"ಅದನ್ನ ನನ್ನ ಕೇಳ್ತೀರಾ?" ಎಂದರು ಇನ್‌ಸ್ಪೆಕ್ಟರ್.

ಮ್ಯಾನೇಜರ್ ಗೊಣಗುತ್ತ ಹೊರಟ ಮೇಲೆ ರೇಡಿಯೊ ಯಂತ್ರದ ಸುತ್ತ ನಡೆದು ಜಪ್ತಿಯ ವಿವರ ಬರೆಯತೊಡಗಿದ.

"ಮರದ ಪೆಟ್ಟಿಗೆ, ಒಂದು. ಖಾಲಿ ಅಂತ ಹಾಕ್ಲಾ ಸರ್?"

ಇನ್‌ಸ್ಪೆಕ್ಟರ್ ಹತ್ತಿ ನೋಡಿದರು. ಮುಚ್ಚಳದ ಮೇಲೆ, ಒಂದು ಮಗು ಕೂರುವಷ್ಟೇ ಅಗಲದಲ್ಲಿ, ಮರ ಸವೆದು ಹೊಳೆಯುತ್ತಿತ್ತು.

"ಬಳಕೆಯಲ್ಲಿದ್ದದ್ದು ಅಂತ ಬರಿ," ಎಂದರು.