ಹೋಗು ಅನ್ನಲಾರದ ಮಗಳು

ಬಹಳ ಹಿಂದೆ, ಮರಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮುತ್ತುಗದೂರು ಎಂಬ ರಾಜ್ಯವಿತ್ತು. ಅಲ್ಲಿ ಕೌದಿ ಹೊಲಿಯುವ ಸಿದ್ದವ್ವ ಹಾಸಿಗೆ ಹಿಡಿದಿದ್ದಳು. ಮಗಳು ನೀಲವ್ವ ಬಟ್ಟೆಯ ಬತ್ತಿಯಿಂದ ಗಂಜಿ ಹನಿಸುತ್ತಿದ್ದಳು, ಮಗ್ಗುಲು ಬದಲಿಸುತ್ತಿದ್ದಳು, ಬೆನ್ನಿನ ಹುಣ್ಣು ತೊಳೆಯುತ್ತಿದ್ದಳು. ನೆಂಟರು ಬಂದು ಬುದ್ಧಿ ಹೇಳಿ, ಉಂಡು ಹೋಗುತ್ತಿದ್ದರು.

ಅರಮನೆಯ ಮಾಂತ್ರಿಕ ಕರಾಳದತ್ತನೂ ಬಂದ. ಬಾಗಿಲಿಗೆ ಒಂದು ಕಪ್ಪು ದಾರ ಕಟ್ಟಿ, "ಇನ್ನ ನಿನ್ನ ಮಾತು ಮೀರಿ ನಿಮ್ಮವ್ವನ್ನ ಸಾವೂ ಒಯ್ಯಂಗಿಲ್ಲ" ಎಂದ. ನೀಲವ್ವ ಅವನ ಕಾಲು ಹಿಡಿದು ಅತ್ತಳು. ರೋಗಿಗಳ ನರಳಾಟ ಕುಡಿದೇ ಅವನು ಮುನ್ನೂರು ವರ್ಷ ಬದುಕಿದ್ದಾನೆಂದು ಪಾಪ, ಅವಳಿಗೇನು ಗೊತ್ತು.

ಒಂದು ಬೆಳಿಗ್ಗೆ ಸಾವಿನ ಕೋಣ ಅಂಗಳಕ್ಕೆ ಬಂದು ಮಂಡಿಯೂರಿತು. ಸಿದ್ದವ್ವ ಎದ್ದು ಅದರ ಬೆನ್ನೇರಿದಳು. ಆ ನಾಡಿನಲ್ಲಿ ಹೊರಟವರಿಗೆ ಬರೀ 'ಹೋಗು' ಅನ್ನುವಂತಿಲ್ಲ. ಅದು ನಾಯಿಗೆ, ಹಗೆಗೆ ಅನ್ನುವ ಮಾತು. ನೀಲವ್ವ ಕಣ್ಣೊರೆಸಿಕೊಂಡು, "ಹೋಗಿ ಬಾ ಯವ್ವಾ" ಎಂದಳು.

ಕೋಣ ಊರ ಗಡಿಯಿಂದ ತಿರುಗಿ ಬಂತು. ಸಿದ್ದವ್ವನ ಕಣ್ಣು ಹೋಗಿದ್ದವು, ನೋವು ಇಮ್ಮಡಿಯಾಗಿತ್ತು.

"ಬಾ ಅಂದೆಲ್ಲ ಮಗಳ, ಅದಕ್ಕ ಬಂದೆ. ಇನ್ನೊಮ್ಮೆ ಹಂಗ ಅನಬ್ಯಾಡ."

ಮತ್ತೆ ಕೋಣ ಬಂತು, ಸಿದ್ದವ್ವ ತಡಕಾಡುತ್ತ ಬೆನ್ನೇರಿದಳು. ನೀಲವ್ವನಿಗೆ ಈಗ ಎಲ್ಲ ಗೊತ್ತಿತ್ತು. ತಿರುಗಿ ಖಾಲಿ ಹಾಸಿಗೆಯನ್ನು ನೋಡಿದಳು. "ಹೋಗಿ ಬಾ ಯವ್ವಾ" ಎಂದುಬಿಟ್ಟಳು.

ಸಿದ್ದವ್ವ ಬಂದಳು. ಈ ಸಲ ಮಾತೂ ಹೋಗಿತ್ತು, ಹುಣ್ಣು ಮೂಳೆ ಮುಟ್ಟಿತ್ತು. ಹಗಲೆಲ್ಲ ನರಳಾಟ. ಅತ್ತ ಅರಮನೆಯಲ್ಲಿ ಮಾಂತ್ರಿಕನಿಗೆ ಹೊಸ ಹಲ್ಲು ಹುಟ್ಟಿದವು. ಹೇಳುವ ನನಗೇ ಈಗಲೂ ಅವನ ಹಲ್ಲು ಉದುರಿಸುವಷ್ಟು ಸಿಟ್ಟು ಬರುತ್ತದೆ.

ಮೂರನೆಯ ಸಲ ಕೋಣ ಬಂದಾಗ ಸಿದ್ದವ್ವನಿಗೆ ಏಳಲಾಗಲಿಲ್ಲ. ನೀಲವ್ವನೇ ಎತ್ತಿ ಅದರ ಬೆನ್ನ ಮೇಲೆ ಕೂರಿಸಿದಳು, ಕೌದಿ ಹೊದಿಸಿದಳು, ತಲೆ ಬಾಚಿದಳು. 'ಬಾ' ಎಂಬುದು ತುಟಿಯವರೆಗೆ ಬಂತು. ನಾಲಿಗೆ ಕಚ್ಚಿಕೊಂಡಳು.

"ಹೋಗು" ಎಂದಳು.

ಬಾಗಿಲ ದಾರ ಹರಿಯಿತು, ಕೋಣ ಊರ ಗಡಿ ದಾಟಿ ಹೋಯಿತು. ಒಂದು ಕಟ್ಟು ಹರಿದರೆ ಕರಾಳದತ್ತನ ಎಲ್ಲ ಕಟ್ಟೂ ಹರಿಯುತ್ತಿದ್ದವು; ಅವನು ನಿಂತಲ್ಲೇ ಬೂದಿಯಾದ. ಅವನ ಮಾಟಕ್ಕೆ ಸಿಕ್ಕಿ ಮನೆಮನೆಯಲ್ಲಿ ನರಳುತ್ತಿದ್ದವರು ನೆಮ್ಮದಿಯಿಂದ ಕಣ್ಣು ಮುಚ್ಚಿದರು. ರಾಜ ಊಟ ಹಾಕಿಸಿದ, ನಾಡೆಲ್ಲ ಸುಖವಾಗಿತ್ತು.

"ಹೆತ್ತವ್ವಗ ಹೋಗು ಅಂದಾಕಿ" ಎಂದು ನೆಂಟರು ಆಡಿಕೊಂಡರು. ನೀಲವ್ವ ಅದಕ್ಕೆ ಅಳಲಿಲ್ಲ. ಎರಡನೆಯ ಸಲ, ಎಲ್ಲ ಗೊತ್ತಿದ್ದೂ ಬಾ ಅಂದದ್ದಕ್ಕೆ ಬದುಕಿರುವ ತನಕ ಅತ್ತಳು.