ಬಿಸಿಲಿಗೆ ಹಾಕಿದ ಈರುಳ್ಳಿ

“ಇದೇನ್ರೀ ಇದು? ಹುಳಿಗೆ ರಬ್ಬರ್ ಬ್ಯಾಂಡ್ ಹಾಕಿದ್ದೀರಾ?”

ಸುಷ್ಮಿತಾ ತಟ್ಟೆಯಂಚಿಗೆ ತಳ್ಳಿದ ಕಂದು ಎಳೆಯನ್ನು ಬೀರೇಶ ಬಗ್ಗಿ ನೋಡಿದ.

“ಈರುಳ್ಳಿ ಕಣೇ. ಒಣಗಿಸಿದ್ದು. ಇನ್ನೊಸಿ ನೆನೀಬೇಕಿತ್ತು.”

“ಯಾಕೆ, ಹಸಿ ಈರುಳ್ಳಿ ಖಾಲಿಯಾಗಿದ್ಯಾ?”

“ಬುಟ್ಟಿ ತುಂಬ ಅದೆ.”

“ಮತ್ತೆ?”

ಅವನು ಅವಳ ಲೋಟಕ್ಕೆ ನೀರು ಬಗ್ಗಿಸಿದ. “ಇದೇ ಸುಲಭ ಬುಡು.”

ಸುಲಭವಂತೆ. ತನಗೋಸ್ಕರ ಒಂದು ಈರುಳ್ಳಿ ಹೆಚ್ಚುವುದೂ ಈ ಮನುಷ್ಯನಿಗೆ ಬೇಡವಾಯಿತೇ ಎಂದು ಸುಷ್ಮಿತಾಗೆ ಚುಚ್ಚಿತು. ಜಗಳ ತೆಗೆಯಬಹುದಿತ್ತು, ಆದರೆ ಮೈಯಲ್ಲಿ ಅಷ್ಟು ಶಕ್ತಿ ಇರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಸ್ಕೂಟಿ ಹತ್ತಿ ಊರಿನ ಆ ತುದಿಯ ಆಸ್ಪತ್ರೆಗೆ ಹೋಗಬೇಕು, ಬೆಳಗಿನವರೆಗೂ ಐಸಿಯುನಲ್ಲಿ ನಿಲ್ಲಬೇಕು.

ಅವಳು ನೈಟ್ ಡ್ಯೂಟಿಯ ನರ್ಸ್, ಅವನು ಸಿಟಿ ಬಸ್ ಡ್ರೈವರ್. ಕತ್ತಲಲ್ಲೇ ಡಿಪೊಗೆ ಹೋದವನು ಮಧ್ಯಾಹ್ನ ವಿದ್ಯಾರಣ್ಯಪುರಂನ ಈ ಪುಟ್ಟ ಮನೆಗೆ ಬರುವಾಗ ಅವಳು ಮಲಗಿರುತ್ತಾಳೆ. ಸಂಜೆಯ ಅಡುಗೆ ಅವನದು. ಅವಳು ಎದ್ದು, ಉಂಡು, ಹೊರಡುತ್ತಾಳೆ, ಅವನು ಮಲಗುತ್ತಾನೆ. ಹಾಸಿಗೆ ಒಂದೇ, ಪಾಳಿ ಮಾತ್ರ ಬೇರೆ ಬೇರೆ.

ಮೊದಲು ಹೀಗಿರಲಿಲ್ಲ. ಬೀರೇಶ ಮನೆಗೆ ಬಂದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಒಗ್ಗರಣೆ ಹಾಕುತ್ತಾ ಏನೋ ಗುನುಗುತ್ತಿದ್ದ, ಪಾತ್ರೆ ಬೀಳಿಸುತ್ತಿದ್ದ, ತಾನೇ ಬೈದುಕೊಳ್ಳುತ್ತಿದ್ದ. ಈಗ ಅವನು ಬಂದದ್ದೂ ತಿಳಿಯುವುದಿಲ್ಲ, ಇದ್ದದ್ದೂ ತಿಳಿಯುವುದಿಲ್ಲ. ಎಚ್ಚರವಾದಾಗ ಸುಷ್ಮಿತಾಗೆ ಬಾಡಿಗೆಗೆ ಖಾಲಿ ಇರುವ ಮನೆಯಲ್ಲಿ ಮಲಗಿದ್ದಂತೆ ಅನ್ನಿಸುತ್ತಿತ್ತು. ನನ್ನ ಮೇಲೆ ಇವರಿಗೆ ಆಸೆ ಹೋಯಿತು ಎಂದು ಅವಳು ತೀರ್ಮಾನಿಸಿಕೊಂಡಿದ್ದಳು. ಈಗ ಹುಳಿಯಲ್ಲಿ ಈ ರಬ್ಬರು.

ಕೈ ತೊಳೆದು ಬಂದು, ವೇಲ್ ಸರಿ ಮಾಡಿಕೊಳ್ಳುತ್ತಾ ಹೇಳಿದಳು. “ನಮ್ಮ ಆಸ್ಪತ್ರೆ ಹಾಸ್ಟೆಲಲ್ಲಿ ಸಿಂಚನ ರೂಮಲ್ಲಿ ಒಂದು ಬೆಡ್ ಖಾಲಿ ಇದೆಯಂತೆ. ಸೋಮವಾರದಿಂದ ಅಲ್ಲೇ ಇದ್ಬಿಡ್ಲಾ ಅಂತ. ರಜಾ ದಿನ ಬರ್ತೀನಿ.”

ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಅವಳು ಬೊಟ್ಟು ಸರಿಮಾಡುವ ನೆವದಲ್ಲಿ ಆ ಮುಖವನ್ನೇ ನೋಡುತ್ತಿದ್ದಳು. ಬೇಡ ಅನ್ನಲಿ, ರೇಗಲಿ, ನಿನಗೇನು ತಲೆ ಕೆಟ್ಟಿದೆಯಾ ಅನ್ನಲಿ. ಅಷ್ಟಕ್ಕೇ ಅವಳು ಈ ಮಾತು ತೆಗೆದದ್ದು.

ಅವನು ತಟ್ಟೆಗಳನ್ನು ಒಂದರ ಮೇಲೊಂದು ಮೆಲ್ಲಗೆ ಜೋಡಿಸಿದ.

“ಅಲ್ಲಿ ನಿಂಗೆ ನಿದ್ದೆ ಚೆನ್ನಾಗಿ ಆಯ್ತದೆ ಅಂದ್ರೆ… ಸರಿ.”

ಅಂದು ಆಸ್ಪತ್ರೆಯವರೆಗೂ ಅವಳು ಹೆಲ್ಮೆಟ್ಟಿನೊಳಗೆ ಅಳುತ್ತಾ ಹೋದಳು.

ಶನಿವಾರ ಮಧ್ಯಾಹ್ನ ಅವಳಿಗೆ ನಿದ್ದೆ ಹತ್ತಲಿಲ್ಲ. ಯುಗಾದಿಗೆ ಮುಂಚಿನ ಬಿಸಿಲು, ಫ್ಯಾನಿನ ಗಾಳಿಯೂ ಕುದಿಯುತ್ತಿತ್ತು. ಮಂಚದ ಪಕ್ಕದಲ್ಲಿ ಅರ್ಧ ತುಂಬಿದ ಬ್ಯಾಗು ಬಾಯಿ ತೆರೆದುಕೊಂಡಿತ್ತು. ನೀರು ಕುಡಿಯಲು ಅಡುಗೆಮನೆಗೆ ಹೋದರೆ ಒಲೆಯ ಪಕ್ಕ ಒಂದು ಬೋಗುಣಿ. ಬಿಸಿನೀರಿನಲ್ಲಿ ಒಣ ಈರುಳ್ಳಿ ಉಬ್ಬುತ್ತಾ ಕೂತಿತ್ತು. ಬಾಗಿಲಲ್ಲಿ ಬೀರೇಶನ ಚಪ್ಪಲಿ ಇದ್ದವು. ಬೀರೇಶ ಮಾತ್ರ ಎಲ್ಲೂ ಇಲ್ಲ.

ಆಗ ಮೇಲಿನಿಂದ ಹೆಂಗಸಿನ ನಗು ಕೇಳಿಸಿತು. ಸುಷ್ಮಿತಾ ತಾರಸಿಯ ಮೆಟ್ಟಿಲು ಹತ್ತಿದಳು.

ನೀರಿನ ಟ್ಯಾಂಕಿನ ನೆರಳಲ್ಲಿ ಬೀರೇಶ ಬನಿಯನ್ನಿನಲ್ಲಿ ಕುಕ್ಕರಗಾಲಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದ. ಕಟ್ ಕಟ್ ಕಟ್ ಎಂದು ಚಾಕು ಓಡುತ್ತಿತ್ತು. ಬಿಸಿಲಲ್ಲಿ ಹಳೇ ಪಂಚೆ ಹಾಸಿ ತೆಳುವಾದ ಬಿಲ್ಲೆಗಳನ್ನು ಹರಡಿದ್ದ, ಧೂಳು ಕೂರದಂತೆ ಮೇಲೆ ಸೊಳ್ಳೆಪರದೆಯ ತುಂಡು. ಪಕ್ಕದ ಮನೆಯ ಸಾಕಮ್ಮ ತಮ್ಮ ತಾರಸಿಯಲ್ಲಿ ಸಂಡಿಗೆ ಕಾಯುತ್ತಾ ನಿಂತಿದ್ದರು.

“ಎದ್ಬುಟ್ಯಾ ಮಗ?” ಸಾಕಮ್ಮ ಕೂಗಿದರು. “ನಿನ್ ಗಂಡನ್ನ ನೋಡವ್ವ. ಒಳಗೆ ಹೆಚ್ಚುದ್ರೆ ಗ್ವಾಡೆಗೆ ಸದ್ದಾಯ್ತದೆ, ಅವಳ ನಿದ್ದೆ ಕೆಡ್ತದೆ, ದಿನಾ ಮೇಲೆ ಹತ್ತೋಕೆ ಹೊತ್ತಿಲ್ಲ ಅಂತ ವಾರಕ್ಕಾಗೋವಷ್ಟು ಇಲ್ಲೇ ಹೆಚ್ಚಿ ಒಣಗಾಕ್ತಾನೆ. ನಮ್ ಯಜಮಾನ್ರು ಒಂದಿನ ಮೆಲ್ಲಗೆ ಕೆಮ್ಮಿಲ್ಲ ಕಣಮ್ಮ!”

ಬೀರೇಶ ಕದ್ದು ಸಿಕ್ಕಿಬಿದ್ದವನಂತೆ ಚಾಕು ಕೆಳಗಿಟ್ಟ. ಸಾಕಮ್ಮ ಇಬ್ಬರ ಮುಖ ನೋಡಿ, ನಗು ನುಂಗಿಕೊಂಡು ಒಳಗೆ ಹೋದರು.

ಸುಷ್ಮಿತಾ ಬಿಸಿಯಾದ ನೆಲದ ಮೇಲೆ ತುದಿಗಾಲಲ್ಲಿ ನಡೆದು ಬಂದು ನೆರಳಲ್ಲಿ ಅವನ ಎದುರು ಕೂತಳು.

“ನಿಜಾನಾ?”

“ಅಡುಗೆಮನೆ ಕಟ್ಟೆ, ನಿನ್ನ ತಲೆದಿಂಬು, ಎರಡಕ್ಕೂ ಒಂದೇ ಗೋಡೆ ಅಲ್ವಾ.” ಅವನು ತಲೆ ಎತ್ತಲಿಲ್ಲ. “ಹೋದ ವರ್ಷ ಒಂದಿನ ನಾನು ಈರುಳ್ಳಿ ಕೊಚ್ತಿದ್ದೆ. ನೀನು ಎದ್ದು ಕೂತು ಅತ್ಬುಟ್ಟೆ. ನಂಗೆ ನಿದ್ದೆ ಬೇಕು, ಇನ್ನೇನೂ ಬ್ಯಾಡ ಅಂತ. ಅವತ್ತಿಂದ…”

ಅವಳಿಗೆ ಆ ಅಳು ನೆನಪೇ ಇರಲಿಲ್ಲ. ಡ್ಯೂಟಿ ಮುಗಿಸಿ ಬಂದು ಎಷ್ಟು ಸಲ ಹಾಗೆ ಅತ್ತಿದ್ದಳೋ.

“ಅಂಗಡೀಲಿ ಪ್ಯಾಕೆಟ್ ಸಿಗ್ತದೆ. ಕುವೆಂಪುನಗರದಲ್ಲಿ ಹುಡುಕಿ ತಂದೆ, ಒಂಥರಾ ಔಷಧಿ ವಾಸನೆ. ಅದಕ್ಕೇ ನಾನೇ ಶುರು ಮಾಡ್ದೆ. ಮೊದಲು ದಪ್ಪ ಹೆಚ್ಚಿ ಬೂಷ್ಟು ಹಿಡೀತು. ಆಮೇಲೆ ನೆನೆಸದೆ ಎಣ್ಣೆಗೆ ಹಾಕ್ದೆ, ಸೀದು ಹೋಯ್ತು.”

“ಆ ಕಹಿ ಉಪ್ಪಿಟ್ಟು?”

“ಅದೇ. ನೀನು ಬೈಕೊಂಡು ತಿಂದ್ಯಲ್ಲ.”

ಅವಳಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. “ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

“ಹೇಳೋಕೆ ನೀನು ಎದ್ದಿರ್ಬೇಕಲ್ಲ.”

ಕೆಳಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

“ರೀ,” ಅಂದಳು ಸುಷ್ಮಿತಾ. “ಮನೇಲಿ ಒಂದು ಸದ್ದಿಲ್ಲ. ನೀವು ನನ್ನ ಕಂಡ್ರೆ ಬೇಜಾರಾಗಿ ದೂರ ದೂರ ಓಡಾಡ್ತಿದ್ದೀರಾ ಅಂದ್ಕೊಂಡಿದ್ದೆ. ನಿದ್ದೆ ಕೆಟ್ರೆ ಕೆಡ್ಲಿ, ನೀವು ಮನೇಲಿದ್ದೀರಾ ಅಂತ ಗೊತ್ತಾಗ್ಬೇಕು ನಂಗೆ.”

“ಬೇಜಾರಾ? ನಿನ್ನ ಕಂಡ್ರಾ?” ಅವನು ಮೊದಲ ಸಲ ತಲೆ ಎತ್ತಿದ. ಈರುಳ್ಳಿಯ ಖಾರಕ್ಕೆ ಕೆಂಪಾದ ಕಣ್ಣು, ಕೆಳಗೆ ಕಪ್ಪು ಉಂಗುರ. ತನ್ನಷ್ಟೇ ಇವರೂ ದಣಿದಿದ್ದಾರೆ ಎಂಬುದು ಅವಳಿಗೆ ಆಗ ಕಂಡಿತು. ಇಷ್ಟು ಹತ್ತಿರದಿಂದ, ಹಗಲು ಬೆಳಕಿನಲ್ಲಿ, ಅವಳು ಈ ಮುಖ ನೋಡಿ ಎಷ್ಟೋ ಕಾಲವಾಗಿತ್ತು.

“ಮತ್ತೆ ಹಾಸ್ಟೆಲಿಗೆ ಹೋಗ್ತೀನಿ ಅಂದ್ರೆ ಸರಿ ಅಂದ್ರಲ್ಲ!”

“ನಿದ್ದೆ ಆಯ್ತದೆ ಅಂತ…”

“ನಿದ್ದೆ ವಿಷಯ ಬಿಡಿ. ನಿಮಗೇನು ಬೇಕು? ಅದನ್ನ ಹೇಳಿ.”

ಅವನು ಪಂಚೆಯ ಮೇಲಿನ ಒಂದು ಬಿಲ್ಲೆ ಎತ್ತಿ ತಿರುವಿ ಹಾಕಿದ. ಇನ್ನೊಂದು ತಿರುವಿದ. ತನಗೆ ಬೇಕಾದ್ದನ್ನು ಕೇಳಿ ಅಭ್ಯಾಸವಿಲ್ಲದ ಮನುಷ್ಯ. ಅವಳು ಕಾದಳು. ಈ ಸಲ ಅವನ ಬದಲಿಗೆ ತಾನೇ ಉತ್ತರ ಕಟ್ಟಿಕೊಳ್ಳುವುದಿಲ್ಲ ಎಂದು ಹಲ್ಲು ಕಚ್ಚಿ ಕೂತಳು.

“ಹೋಗ್ಬ್ಯಾಡ ಸುಷ್ಮಿ,” ಅಂದ ಕೊನೆಗೆ.

“ಕೇಳಿಸ್ಲಿಲ್ಲ.”

“ಹೋಗ್ಬ್ಯಾಡ ಅಂದೆ. ಸಂಜೆ ಎದ್ದು ಬಂದು ತಟ್ಟೆ ಮುಂದೆ ಕೂತು ಏನಾದ್ರೂ ಒಂದು ತಪ್ಪು ಹುಡುಕ್ತೀಯಲ್ಲ, ಆ ಹೊತ್ತಿಗೋಸ್ಕರ ಕಾಯ್ತಾ ಬಸ್ ಓಡಿಸ್ತೀನಿ ಕಣೇ. ಅದೂ ಇಲ್ಲ ಅಂದ್ರೆ ಈ ಮನೇಗೆ ಯಾಕೆ ಬರ್ಲಿ ನಾನು?”

ಅವಳು ಅವನ ಮಂಡಿಯ ಮೇಲೆ ಹಣೆ ಇಟ್ಟಳು. ಅವನ ಅಂಗೈ ಅವಳ ಕೂದಲ ಹತ್ತಿರ ಬಂದು ನಿಂತಿತು. “ಕೈಯೆಲ್ಲ ವಾಸನೆ ಕಣೇ,” ಅಂದ.

“ಇರ್ಲಿ ಇಡಿ,” ಅಂದಳು.

ಅವನು ಇಟ್ಟ. ನೆರಳು ಸರಿದು ಬಿಸಿಲು ಕಾಲಿಗೆ ಬರುವವರೆಗೂ ಅವರು ಹಾಗೇ ಕೂತಿದ್ದರು. ನಂತರ ಸುಷ್ಮಿತಾ ನೈಟಿಯ ಜೇಬಿನಿಂದ ಮೊಬೈಲ್ ತೆಗೆದು ಸಿಂಚನಗೆ ಫೋನ್ ಮಾಡಿದಳು.

“ಆ ಬೆಡ್ ಬೇರೆಯವರಿಗೆ ಕೊಟ್ಬಿಡು ಕಣೇ. ನಾನು ಬರಲ್ಲ.”

“ಯಾಕೆ, ಏನಾಯ್ತು?” ಅತ್ತ ಕಡೆಯ ದನಿ ಬೀರೇಶನಿಗೂ ಕೇಳುತ್ತಿತ್ತು.

ಆಸ್ಪತ್ರೆಯ ಎಷ್ಟೋ ಗೆಳತಿಯರು ಮುಖ ಸಣ್ಣ ಮಾಡಿಕೊಂಡು ಹೇಳುವ ಮಾತನ್ನು ಸುಷ್ಮಿತಾ ಗಂಡನ ಮುಖವನ್ನೇ ನೋಡುತ್ತಾ, ಬೀದಿಗೆಲ್ಲ ಕೇಳುವಂತೆ ಹೇಳಿದಳು.

“ನಮ್ಮ ಮನೆಯವರು ಬೇಡ ಅಂತಾರೆ ಕಣೇ!”